ಸರ್ವರ್ ರೀಬೂಟ್ ಮಾಡಿ ತೋರಿಸುವ ತನಕ ಬಿಲ್ ಕೊಡಬೇಡಿ

ಆಫೀಸಿನ ಲಿನಕ್ಸ್ ಸರ್ವರನ್ನು ಹೊರಗಿನವರ ಕೈಯಲ್ಲಿ ಸೆಟಪ್ ಮಾಡಿಸಿದ್ದೀರಾ? ಹಾಗಾದರೆ ಇದನ್ನೊಮ್ಮೆ ಓದಿ.

ನಮ್ಮದು ಮಲೆನಾಡಿನ ಸಣ್ಣ ಊರು. ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಒಂದು ಆಲ್ಮಾಲಿನಕ್ಸ್ ಸರ್ವರಿನಲ್ಲಿದೆ. ಸೆಟಪ್ ಮಾಡಿದ ಕಂಪನಿಯವರು ತಾವು ಕೂತಲ್ಲಿಂದಲೇ ರಿಪೇರಿ ಮಾಡಲು ರೂಟರಿನಲ್ಲಿ ಎಸ್‌ಎಸ್‌ಎಚ್ ಪೋರ್ಟ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಬಾಗಿಲು) ತೆರೆದಿಟ್ಟರು. ಪಾಸ್‌ವರ್ಡ್ ಊಹಿಸುವವರನ್ನು ತಡೆಯೋಕೆ ಫೇಲ್‌ಟುಬ್ಯಾನ್ ಅನ್ನೋ ಪ್ರೋಗ್ರಾಮ್ ಹಾಕಿದ್ದೇವೆ ಅಂದರು. ಅದು ಹಿನ್ನೆಲೆಯಲ್ಲಿ ಲಾಗ್ (ಲಾಗಿನ್ ದಾಖಲೆ) ನೋಡುತ್ತಾ ಕೂತಿರುತ್ತದೆ. ಡೀಫಾಲ್ಟ್ ಸೆಟ್ಟಿಂಗಿನಲ್ಲಿ, ಒಂದೇ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) 10 ನಿಮಿಷದೊಳಗೆ 5 ಸಲ ತಪ್ಪು ಪಾಸ್‌ವರ್ಡ್ ಬಂದರೆ ಆ ಐಪಿಯನ್ನು 10 ನಿಮಿಷ ಹೊರಗಿಡುತ್ತದೆ. ಸ್ಟೇಟಸ್ ತೆಗೆದು ಹಸಿರು ಬಣ್ಣದ 'ಆ್ಯಕ್ಟಿವ್' ತೋರಿಸಿದರು. ಸುಳ್ಳಲ್ಲ, ಆವತ್ತು ಓಡುತ್ತಲೇ ಇತ್ತು.

ಮಳೆಗಾಲ ಬಂತು. ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಸರ್ವರ್ ತಾನಾಗೇ ಆನ್ ಆಯಿತು. ಡೇಟಾಬೇಸ್ ಬಂತು, ಬಿಲ್ಲಿಂಗ್ ಬಂತು. ಫೇಲ್‌ಟುಬ್ಯಾನ್ ಮಾತ್ರ ಬರಲಿಲ್ಲ. ಬಿಲ್ಲಿಂಗ್ ನಿಂತರೆ ಆಗಲೇ ಕೌಂಟರಿನಿಂದ ಕೂಗು ಕೇಳುತ್ತದೆ. ಇದು ನಿಂತರೆ ಯಾರಿಗೆ ಗೊತ್ತಾಗಬೇಕು?

ಕೊನೆಗೆ ಗೊತ್ತಾಗಿದ್ದು ಫ್ಯಾನ್ ಸದ್ದಿನಿಂದ. ಯಾರೂ ಕೆಲಸ ಮಾಡದ ಹೊತ್ತಲ್ಲೂ ಗುಂಯ್ ಅನ್ನುತ್ತಿತ್ತು. ಏನೇನು ಓಡುತ್ತಿದೆ ಅಂತ ತೋರಿಸುವ 'ಟಾಪ್' ಕಮಾಂಡ್ ಕೊಟ್ಟು ನೋಡಿದರೆ 'ಟೆಸ್ಟ್' ಅನ್ನೋ ಯೂಸರ್ ಹೆಸರಲ್ಲಿ ಒಂದು ಕ್ರಿಪ್ಟೋ ಮೈನರ್ (ಕಳ್ಳತನದಲ್ಲಿ ಕ್ರಿಪ್ಟೋ ಹಣ ಗಳಿಸುವ ಪ್ರೋಗ್ರಾಮ್) ಇಡೀ ಸಿಪಿಯು ನುಂಗುತ್ತಿದೆ. ಕಂಪನಿಯವರೇ ಮಾಡಿ ಬಿಟ್ಟುಹೋಗಿದ್ದ ಅಕೌಂಟ್ ಅದು. ಪಾಸ್‌ವರ್ಡ್ ಎಂಥದ್ದು ಅಂತ ಬರೆಯೋಕೂ ನಾಚಿಕೆಯಾಗುತ್ತದೆ. ಅಂಥ ಪಾಸ್‌ವರ್ಡನ್ನು ಫೇಲ್‌ಟುಬ್ಯಾನ್ ಇದ್ದಿದ್ದರೂ ಎಷ್ಟು ದಿನ ಕಾಯುತ್ತಿತ್ತೋ, ಅದು ಬೇರೆ ಮಾತು. 'ಲಾಸ್ಟ್‌ಬಿ' ಕೊಟ್ಟರೆ ವಿಫಲ ಲಾಗಿನ್‌ಗಳು ಪುಟಗಟ್ಟಲೆ ಉರುಳಿದವು.

ಫೋನ್ ಮಾಡಿದರೆ, "ಕರೆಂಟ್ ಹೋಗಿದ್ದಕ್ಕೆ ನಾವೇನ್ ಮಾಡೋದು ಸಾರ್?" ಅಂದರು.

ಕರೆಂಟಿನ ತಪ್ಪಲ್ಲ. ಅವರು 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್' ಕಮಾಂಡ್ ಕೊಟ್ಟು ಎದ್ದು ಹೋಗಿದ್ದರು. ಅದರಿಂದ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಆ ಹೊತ್ತಿಗೆ ಓಡುತ್ತದೆ, ಅಷ್ಟೇ. ಮೆಷಿನ್ ಆನ್ ಆದಾಗಲೆಲ್ಲ ಬರಬೇಕಾದರೆ 'ಎನೇಬಲ್' ಕೂಡ ಮಾಡಬೇಕು. ಉಬುಂಟು ಅನ್ನೋ ಲಿನಕ್ಸಿನಲ್ಲಿ ಇನ್‌ಸ್ಟಾಲ್ ಆದ ಕೂಡಲೇ ಅದು ಸಾಮಾನ್ಯವಾಗಿ ತಾನೇ ಎನೇಬಲ್ ಆಗುತ್ತದೆ. ರೆಡ್‌ಹ್ಯಾಟ್ ಬಳಗದಲ್ಲಿ, ಅಂದರೆ ನಮ್ಮ ಆಲ್ಮಾಲಿನಕ್ಸ್ ಥರದವುಗಳಲ್ಲಿ, ಹಾಗಲ್ಲ. ತಮಾಷೆ ಏನು ಗೊತ್ತಾ? ಅವರು ತೋರಿಸಿದ ಆ ಹಸಿರು ಸಾಲಿನ ಮೇಲೆಯೇ 'ಲೋಡೆಡ್' ಅನ್ನೋ ಸಾಲಿರುತ್ತದೆ. ಅದರಲ್ಲಿ 'ಡಿಸೇಬಲ್ಡ್' ಅಂತ ಬರೆದಿರುತ್ತದೆ. ಹಸಿರು ನೋಡಿದ ಮೇಲೆ ಅದು ಯಾರ ಕಣ್ಣಿಗೂ ಬೀಳಲ್ಲ.

ಸರ್ವಿಸ್ ಓಡುತ್ತಿದ್ದರೂ ಸಾಲದು. 'ಫೇಲ್‌ಟುಬ್ಯಾನ್-ಕ್ಲೈಂಟ್ ಸ್ಟೇಟಸ್' ಕೊಟ್ಟಾಗ ಜೈಲ್ (ಯಾವುದನ್ನು ಕಾಯಬೇಕು ಅನ್ನೋ ನಿಯಮ) ಸಂಖ್ಯೆ 0 ಅಂತ ಬಂದರೆ ಅದು ಏನನ್ನೂ ಕಾಯದೆ ಸುಮ್ನೆ ಕೂತಿದೆ ಅಂತ ಅರ್ಥ. ನಿಮ್ಮೆದುರೇ ಒಮ್ಮೆ ರೀಬೂಟ್ ಮಾಡಿಸಿ, ಇದನ್ನೆಲ್ಲ ಮತ್ತೆ ತೋರಿಸಲು ಹೇಳಿ. ದುಡ್ಡು ಆಮೇಲೆ.

ಶಟ್‌ಡೌನ್ ಕಡೆಯೂ ಒಂದು ಮಾತು. ಯಾವುದಾದರೂ ಸರ್ವಿಸ್ ಬೇಗ ನಿಲ್ಲದಿದ್ದರೆ ಸ್ಕ್ರೀನಿನಲ್ಲಿ 'ಸ್ಟಾಪ್ ಜಾಬ್' ಅಂತ ಸೆಕೆಂಡ್ ಎಣಿಸತೊಡಗುತ್ತದೆ. ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಆಮೇಲೆ ಸಿಸ್ಟಮೇ ಅದನ್ನು ಬಲವಂತವಾಗಿ ನಿಲ್ಲಿಸುತ್ತದೆ. ಹ್ಯಾಂಗ್ ಆಯ್ತು ಅಂತ ನಮ್ಮ ಹುಡುಗರು ಪವರ್ ಬಟನ್ ಒತ್ತಿ ಹಿಡಿಯುತ್ತಿದ್ದರು. ಡೇಟಾಬೇಸ್ ಇನ್ನೂ ಬರೆಯುತ್ತಿರುವಾಗ ಹಾಗೆ ಮಾಡಿದರೆ ಲೆಕ್ಕವೇ ಕೆಡಬಹುದು. ಯುಪಿಎಸ್ ಬ್ಯಾಟರಿ ಪೂರ್ತಿ ಇಳಿಯುವ ತನಕ ಕಾಯದೆ, ಈ ಒಂದೂವರೆ ನಿಮಿಷ ಕೈಲಿರುವಾಗಲೇ ಶಟ್‌ಡೌನ್ ಕೊಡಿ.