ಮಡಿಕೇರಿಯ ಗಿಟಾರ್ ಕ್ಲಾಸು: ನನ್ನ ಏಳು ತಿಂಗಳ ಲೆಕ್ಕ

ಮೊದಲ ದಿನ ಮಾಷ್ಟ್ರು ಕೈಗೆತ್ತಿಕೊಂಡ ಸ್ಕೇಲು ಮೇಜರ್ರೂ ಅಲ್ಲ, ಮೈನರ್ರೂ ಅಲ್ಲ. ಶಾಲೆ ಮಕ್ಕಳ ಸ್ಟೀಲ್ ಸ್ಕೇಲು. ಅದನ್ನು ನನ್ನ ಗಿಟಾರಿನ ಹನ್ನೆರಡನೇ ಫ್ರೆಟ್ (ನೆಕ್ಕಿಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿ) ಮೇಲೆ ನಿಲ್ಲಿಸಿ ತಂತಿ ಎಷ್ಟು ಎತ್ತರದಲ್ಲಿದೆ ಅಂತ ಅಳೆದರು. ನಾಲ್ಕು ಮಿಲಿಮೀಟರ್. "ಇದರಲ್ಲಿ ನುಡಿಸಿದರೆ ಬೆರಳು ಹೋಗ್ತದೆ, ಸಂಗೀತ ಬರುವುದಿಲ್ಲ" ಅಂದರು. ಸುಂಟಿಕೊಪ್ಪದ ನಮ್ಮ ಮನೆಯಲ್ಲಿ ಮಳೆ ಹಿಡಿದರೆ ಬಾಗಿಲೇ ಊದಿಕೊಂಡು ಮುಚ್ಚುವುದಿಲ್ಲ, ಇನ್ನು ಗಿಟಾರು ಬಿಡ್ತದಾ? ನೆಕ್ಕಿನ ಬಾಗು ಸರಿಮಾಡುವ ಒಳಗಿನ ಸರಳು, ಟ್ರಸ್ ರಾಡನ್ನು ಚೂರು ತಿರುಗಿಸಿ, ತಂತಿ ಕೂರುವ ಬ್ರಿಡ್ಜಿನ ಪಟ್ಟಿ, ಸ್ಯಾಡಲ್ ತೆಗೆದು ಅದರ ಅಡಿಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಎರಡೂವರೆಗೆ ಇಳಿಸಿಕೊಟ್ಟರು. ದುಡ್ಡು ಕೇಳಲಿಲ್ಲ. ಅಲ್ಲಿಗೆ ನನಗೆ ಅರ್ಧ ನಂಬಿಕೆ ಬಂತು.

ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು, ವಯಸ್ಸು 43. ಕಾಲೇಜಿನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಲಿತು ಬಿಟ್ಟಿದ್ದವ, ಲಾಕ್‌ಡೌನಿನಲ್ಲಿ ಯೂಟ್ಯೂಬ್ ನೋಡಿ ಸ್ಕೇಲಿಗೆ, ಅಂದರೆ ಸ್ವರಗಳ ಏರಿಳಿತದ ಸಾಲಿಗೆ, ಬಿದ್ದೆ. ಐದು ಸ್ವರದ ಸ್ಕೇಲಾದ ಎ ಮೈನರ್ ಪೆಂಟಟಾನಿಕ್‌ನ ಐದೂ ಬಾಕ್ಸು (ಬೆರಳಿಡುವ ನಕ್ಷೆ), ಅಯೋನಿಯನ್‌ನಿಂದ ಲೋಕ್ರಿಯನ್ ತನಕ ಏಳೂ ಮೋಡು (ಅವೇ ಸ್ವರಗಳನ್ನು ಬೇರೆ ಬೇರೆ ಸ್ವರದಿಂದ ಶುರುಮಾಡುವ ಸ್ಕೇಲುಗಳು) ಮಗ್ಗಿಯ ಹಾಗೆ ಬಾಯಿಪಾಠ. ಆದರೆ ಕರೋಕೆ ಹಾಕಿಕೊಂಡು ಸ್ವಂತದ್ದು ನಾಲ್ಕು ಸಾಲು ನುಡಿಸಲು ಕೂತರೆ ಯಾರೋ ಅಟ್ಟದ ಏಣಿ ಹತ್ತಿ ಇಳಿದ ಹಾಗೆ ಕೇಳ್ತಿತ್ತು. "ಇವತ್ತೂ ಮಗ್ಗಿಯಾ?" ಅಂತ ನನ್ನ ಹೆಂಡತಿ ಒಳಗಿನಿಂದಲೇ ಕೇಳುವಳು.

ಕ್ಲಾಸು ಅಂಗಡಿಯೊಂದರ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ತಿಂಗಳಿಗೆ ನಾಲ್ಕು ಪಾಠ, 1,500 ರೂಪಾಯಿ. ನನ್ನ ಮಗ್ಗಿಯನ್ನೆಲ್ಲ ಮಾಷ್ಟ್ರು ತಾಳ್ಮೆಯಿಂದ ಕೇಳಿದರು. ಆಮೇಲೆ ಎ ಮೈನರ್ ಸೆವೆನ್ ಕಾರ್ಡ್ ಎರಡು ಬಾರ್ (ಬಾರ್ ಅಂದರೆ ತಾಳದ ಒಂದು ಆವರ್ತ), ಡಿ ಮೇಜರ್ ಎರಡು ಬಾರ್, ಹೀಗೆ ಸುತ್ತುವ ಒಂದು ಲೂಪ್ ಹಾಕಿ, "ಬಿ ತಂತಿ ಒಂದೇ. ಐದು, ಏಳು, ಎಂಟನೇ ಫ್ರೆಟ್ ಮಾತ್ರ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ನುಡಿಸಿ" ಅಂದರು. ಇ, ಎಫ್ ಶಾರ್ಪ್, ಜಿ. ಮೂರೇ ಸ್ವರ! ಇಷ್ಟಕ್ಕೆ ಸುಂಟಿಕೊಪ್ಪದಿಂದ ಹದಿನೈದು ಕಿಲೋಮೀಟರ್ ಬಂದೆನಾ ಅನ್ನಿಸಿತು.

ಆದರೆ ಒಂದು ಸುತ್ತಿನಲ್ಲಿ ಎ ಮೈನರ್ ಸೆವೆನ್ ಇರುವಾಗ ಎಂಟನೇ ಫ್ರೆಟ್ಟಿನ ಜಿ ಹಿಡಿದು ನಿಂತೆ. ಕಾರ್ಡ್ ಡಿಗೆ ತಿರುಗಿದ ಕ್ಷಣಕ್ಕೆ ಬೆರಳು ಒಂದೇ ಫ್ರೆಟ್ ಕೆಳಗೆ, ಏಳಕ್ಕೆ, ಎಫ್ ಶಾರ್ಪಿಗೆ ಬಂತು. ಭಾರದ ಮೂಟೆ ಇಳಿಸಿದಾಗ ಉಸಿರು ಬರುವ ಹಾಗೆ ಆಯಿತು. ಜಿ ಮೊದಲ ಕಾರ್ಡಿನ ಏಳನೆಯ ಸ್ವರ, ಎಫ್ ಶಾರ್ಪ್ ಎರಡನೆಯ ಕಾರ್ಡಿನ ಮೂರನೆಯ ಸ್ವರ. ಕಾರ್ಡ್ ಬದಲಾಗುವುದನ್ನು ಆ ಒಂದು ಹೆಜ್ಜೆಯೇ ಹೇಳಿಬಿಡ್ತದೆ. ಇನ್ನೊಮ್ಮೆ ಹಳೇ ಅಭ್ಯಾಸದಲ್ಲಿ ಆರನೇ ಫ್ರೆಟ್ಟಿನ ಎಫ್‌ಗೆ ಬೆರಳು ಹೋಯಿತು. ಡಿ ಮೇಜರ್ ಮೇಲೆ ಆ ಎಫ್, ಕಡುಬಿನಲ್ಲಿ ಕಲ್ಲು ಸಿಕ್ಕ ಹಾಗೆ. "ಎ ಏಯೋಲಿಯನ್‌ನಲ್ಲಿ ಎಫ್, ಎ ಡೋರಿಯನ್‌ನಲ್ಲಿ ಎಫ್ ಶಾರ್ಪ್. ಆ ಎರಡು ಮೋಡಿಗೂ ಇರುವ ವ್ಯತ್ಯಾಸ ಅಷ್ಟೇ. ಈಗ ಮರೆತು ನೋಡಿ" ಅಂತ ನಕ್ಕರು. ಮರೆತಿಲ್ಲ.

ಡಿಯಿಂದ ಡಿಗೆ ಕೀಬೋರ್ಡಿನ ಬಿಳಿ ಕೀಗಳನ್ನು ಓಡಿಸಿದರೆ ಡೋರಿಯನ್ ಆಯಿತು ಅಂತಲೇ ನಾನು ತಿಳಿದಿದ್ದೆ. ಯಾವ ಸ್ವರ ಮನೆ, ಅಂದರೆ ಬಂದು ನಿಲ್ಲುವ ಜಾಗ, ಅಂತ ಕಿವಿಗೆ ಗೊತ್ತಾಗದಿದ್ದರೆ ಅದು ಸಿ ಮೇಜರೇ ಅನ್ನುವುದು ಮಾಷ್ಟ್ರ ಮಾತು. ಹಾಗಾಗಿ ಮನೆಪಾಠಕ್ಕೆ ಫೋನಿನಲ್ಲಿ ಶ್ರುತಿಪೆಟ್ಟಿಗೆ ಕಡ್ಡಾಯ. ಎ ಶ್ರುತಿ ಇಟ್ಟು ನುಡಿಸುತ್ತಿರುವಾಗ, ಬೇಸಿಗೆ ರಜೆಯಲ್ಲಿ ಮಾತ್ರ ಕರ್ನಾಟಕ ಸಂಗೀತ ಕಲಿತ ನಮ್ಮಕ್ಕ, "ಇದು ಖರಹರಪ್ರಿಯ ರಾಗದ ಸ್ವರ ಅಲ್ವೇನೋ?" ಅಂದಳು. ಹೌದು, ಎಫ್ ಶಾರ್ಪಿನ ಜಾಗಕ್ಕೆ ಎಫ್ ಇಟ್ಟರೆ ನಟಭೈರವಿ ರಾಗ. ಷಡ್ಜ ಬದಲಿಸಿ ಕರ್ನಾಟಕ ಸಂಗೀತದವರು ಮಾಡುವ ಗ್ರಹಭೇದವೂ ಇದೇ ಲೆಕ್ಕ. ಸ್ವರ ಆಡಿಸುವ ಗಮಕ ಇಲ್ಲದೆ ರಾಗ ಆಗುವುದಿಲ್ಲ ಅಂತಲೂ ಸೇರಿಸಿ, ನನ್ನ ಉತ್ಸಾಹಕ್ಕೆ ನೀರು ಹಾಕಿಯೇ ಹೋದಳು.

ಇನ್ನೊಂದು ನಿಯಮ, ಎರಡು ಬಾರ್ ನುಡಿಸಿದರೆ ಎರಡು ಬಾರ್ ಸುಮ್ಮನಿರಬೇಕು. ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ನಿಮಿಷಕ್ಕೆ 60ರಲ್ಲಿ ಇರುವಾಗ ಆ ಸುಮ್ಮನಿರುವುದೇ ಕಷ್ಟ, ಕೈ ತುರಿಸ್ತದೆ. "ಮದುವೆಮನೆಯ ವಾಲಗದವರೂ ಉಸಿರು ತಗೊಳ್ತಾರೆ, ನಿಮಗೇನು ಅವಸರ?" ಅಂತ ಬೈಸಿಕೊಂಡದ್ದು ನಾಲ್ಕು ಸಲವಾದರೂ ಇರಬಹುದು. ಆ ಖಾಲಿ ಜಾಗದಲ್ಲೇ ಮುಂದಿನ ಸಾಲು ತಲೆಗೆ ಬರಲು ಶುರುವಾದದ್ದು ಮೂರನೇ ತಿಂಗಳಲ್ಲಿ. ಈಗ ಹೆಂಡತಿ ಮಗ್ಗಿ ಅನ್ನುವುದಿಲ್ಲ. ಹಾಡು ಅಂತಲೂ ಅಂದಿಲ್ಲ, ಬಿಡಿ.

ದೂರುಗಳೂ ಇವೆ. ಪಾಠದ ನಡುವೆ ಮಾಷ್ಟ್ರಿಗೆ ಫೋನು ಬಂದರೆ ಹತ್ತು ನಿಮಿಷ ಹೋಯಿತು. ಮದುವೆ ಸೀಸನ್ನಿನಲ್ಲಿ ಅವರಿಗೆ ಪ್ರೋಗ್ರಾಂ ಇದ್ದರೆ ನಮಗೆ ಕ್ಲಾಸಿಲ್ಲ. ತಪ್ಪಿದ ಎರಡು ಪಾಠ ಇನ್ನೂ ಬಾಕಿ ಇದೆ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಒಂಬತ್ತು ವರ್ಷದ ಮಕ್ಕಳನ್ನೂ ನನ್ನನ್ನೂ ಒಂದೇ ಬ್ಯಾಚಿಗೆ ಹಾಕಿದ್ದಾರೆ, ಆ ಮಕ್ಕಳು ನನಗಿಂತ ಚೆನ್ನಾಗಿ ನುಡಿಸುವುದು ಬೇರೆ ಸಂಕಟ. ಕಾರ್ಡ್ ಹಿಡಿಯಲೇ ಬಾರದವರು ಇಲ್ಲಿ ಆರಂಭಿಸಬೇಡಿ, ಅದಕ್ಕೆ ಅವರಿಗೆ ತಾಳ್ಮೆ ಕಡಿಮೆ. ಕಾರ್ಡ್ ಬಂದು ಸ್ಕೇಲಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಮಾತ್ರ ಧೈರ್ಯವಾಗಿ ಹೇಳ್ತೇನೆ. ಐದಕ್ಕೆ ನಾಲ್ಕು.

ಭಾನುವಾರ ಟೂರಿಸ್ಟ್ ಗಾಡಿಗಳ ಸಾಲು ಇರ್ತದೆ, ಕಾರು ತರಬೇಡಿ, ಬಸ್ಸೇ ವಾಸಿ. ಮಳೆಗಾಲದಲ್ಲಿ ಸೇರುವುದಾದರೆ ಗಿಟಾರ್ ಬ್ಯಾಗಿಗೆ ದೊಡ್ಡ ಪ್ಲಾಸ್ಟಿಕ್ ಕವರ್ ಹಾಕಿಕೊಂಡೇ ಬನ್ನಿ, ಮೆಟ್ಟಿಲ ಮೇಲಿನ ಶೀಟು ಸೋರ್ತದೆ.