ಕೇಬಲ್ ಬಿಲ್ಲಲ್ಲಿ ಸಿಟಿ ಆಫೀಸಿನ ನಂಬರ್ ಇರತ್ತೆ ನೋಡಿ (ಅಮೆರಿಕದಲ್ಲಿರೋರಿಗೆ)

ನಮ್ಮನೆ ಕೇಬಲ್ ಕಂಪನಿಗೆ 5 ಸ್ಟಾರಿಗೆ 1 ಕೊಡ್ತೀನಿ, ನಮ್ಮೂರ ಸಿಟಿ ಹಾಲ್‌ನಲ್ಲಿ ಕೇಬಲ್ ದೂರು ನೋಡ್ಕೊಳ್ಳೋ ಆಫೀಸಿಗೆ 4. ಕಂಪನಿ ಹೆಸರು ಬರೆಯಲ್ಲ.

ಅಪ್ಪ ಅಮ್ಮ ಬಂದಿದ್ದಾಗ ಅವರ ರೂಮಿನ ಟೀವಿಗೆ ಅಂತ ಕಂಪನಿಯಿಂದ ಇನ್ನೊಂದು ಕೇಬಲ್ ಬಾಕ್ಸ್ ಬಾಡಿಗೆಗೆ ತಗೊಂಡಿದ್ವಿ, ಅವ್ರು ಊರಿಗೆ ವಾಪಸ್ ಹೋದ ವಾರವೇ ಬಾಕ್ಸು ರಿಮೋಟು ವೈರು ಎಲ್ಲಾ ಗಂಟು ಕಟ್ಕೊಂಡು ಹೋಗಿ ಕಂಪನಿ ಸ್ಟೋರಲ್ಲಿ ಕೊಟ್ಟು ರಸೀದಿ ಇಸ್ಕೊಂಡು ಬಂದೆ. ಮುಂದಿನ ತಿಂಗಳೂ ಬಿಲ್ಲಲ್ಲಿ ಬಾಕ್ಸ್ ಬಾಡಿಗೆ ಬಂತು. ಅದರಾಚೆ ತಿಂಗಳೂ ಬಂತು. ಫೋನ್ ಮಾಡಿದ್ರೆ ಪ್ರತಿ ಸಲ ಬೇರೆ ಯಾರೋ ಎತ್ತೋದು, ಮೊದಲಿಂದ ಎಲ್ಲಾ ಹೇಳ್ಬೇಕು, ನೋಟ್ ಹಾಕಿದೀನಿ ಸರ್ ಮುಂದಿನ ಬಿಲ್ಲಲ್ಲಿ ಸರಿಹೋಗತ್ತೆ ಅಂತಾರೆ, ಹೋಗಲ್ಲ. ನಾಲ್ಕು ತಿಂಗಳು ಹಿಂಗೇ ನಡೀತು. ದುಡ್ಡು ದೊಡ್ಡದಲ್ಲ, ಆದ್ರೆ ನನ್ನ ಹತ್ರ ಇಲ್ಲದ ವಸ್ತುಗೆ ನಾನ್ಯಾಕೆ ಬಾಡಿಗೆ ಕಟ್ಲಿ, ಹೊಟ್ಟೆ ಉರಿದುಹೋಯ್ತು.

ಒಂದು ರಾತ್ರಿ ಕೂತು ಬಿಲ್ಲನ್ನ ಪೂರ್ತಿ ಓದಿದೆ. ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಫ್ರಾಂಚೈಸಿಂಗ್ ಅಥಾರಿಟಿ ಅಂತ ಹಾಕಿ ನಮ್ಮ ಸಿಟಿ ಅಡ್ರೆಸ್ಸು ಫೋನ್ ನಂಬರ್ರು ಇತ್ತು. ಇಷ್ಟು ವರ್ಷದಲ್ಲಿ ಅದರ ಮೇಲೆ ಕಣ್ಣೇ ಬಿದ್ದಿರ್ಲಿಲ್ಲ. ವಿಷಯ ಏನಂದ್ರೆ ಊರಿನ ರಸ್ತೆ ಅಗೆದು ಕಂಬದ ಮೇಲೆ ವೈರ್ ಎಳೆಯೋಕೆ ಕಂಪನಿಗೆ ಅನುಮತಿ ಬೇಕಲ್ಲ, ಅದೇ ಫ್ರಾಂಚೈಸ್. ಅದಕ್ಕೆ ಪ್ರತಿಯಾಗಿ ಕೇಬಲ್ ಟೀವಿ ಆದಾಯದಲ್ಲಿ ಜಾಸ್ತಿ ಅಂದ್ರೆ 5% ಸಿಟಿ ಇಸ್ಕೋಬಹುದು ಅಂತ 1984ರ ಫೆಡರಲ್ ಕಾಯ್ದೆ ಹೇಳತ್ತೆ, ಕಂಪನಿ ಅದನ್ನ ಫ್ರಾಂಚೈಸ್ ಫೀ ಅಂತ ನಮ್ಮ ಬಿಲ್ಲಿಗೇ ಸೇರ್ಸತ್ತೆ. ಒಟ್ನಲ್ಲಿ ಆ ಫೀ ಕಟ್ತಿರೋದು ನಾವೇ, ಹಾಗಾಗಿ ಆ ಆಫೀಸಿಗೆ ಫೋನ್ ಮಾಡೋಕೆ ಸಂಕೋಚ ಬೇಡ.

ನಾನು ಮಾಡ್ದೆ. ವಾಯ್ಸ್ ಮೆಸೇಜ್ ಬಿಟ್ಟು ಎರಡು ದಿನ ಕಾಯಬೇಕಾಯ್ತು (ಒಂದು ಸ್ಟಾರ್ ಕಮ್ಮಿ ಮಾಡಿದ್ದು ಇದಕ್ಕೇ), ಆಮೇಲೆ ಒಬ್ಬ ಮೇಡಂ ವಾಪಸ್ ಕರೆ ಮಾಡಿದ್ರು. ಮೊದಲು ಕೇಳಿದ್ದೇ ರಸೀದಿ ಇದ್ಯಾ ಅಂತ. ಇದೆ ಅಂದೆ. ಬಾಕ್ಸ್ ವಾಪಸ್ ಕೊಟ್ಟ ಮೇಲಿನ ದಿನಗಳಿಗೆ ಬಾಡಿಗೆ ಹಾಕೋ ಹಾಗೇ ಇಲ್ಲ, ಅದಕ್ಕೆ ಫೆಡರಲ್ ಕಾನೂನೇ ಇದೆ, 2020 ಡಿಸೆಂಬರ್ 20ರಿಂದ ಜಾರಿಲಿದೆ ಅಂದ್ರು. ನಂಗೆ ಗೊತ್ತೇ ಇರ್ಲಿಲ್ಲ! ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ, ಕಂಪನಿಗೆ ಬರೆದು ಕಳ್ಸಿ, ಬರೆದು ಕೊಟ್ಟ ಬಿಲ್ ತಕರಾರಿಗೆ 30 ದಿನದೊಳಗೆ ಅವ್ರು ಉತ್ತರ ಕೊಡಲೇಬೇಕು, ನಮಗೂ ಒಂದು ಕಾಪಿ ಹಾಕಿ ಅಂತ ಹೇಳ್ಕೊಟ್ರು. ಹಾಗೇ ಮಾಡ್ದೆ. ಒಂದು ವಾರ ಕಳೆಯೋದ್ರೊಳಗೆ ಕಂಪನಿಯಿಂದ ಅವರಾಗೇ ಫೋನು, ಮುಂದಿನ ಬಿಲ್ಲಲ್ಲಿ ನಾಲ್ಕೂ ತಿಂಗಳ ಬಾಡಿಗೆ ಕ್ರೆಡಿಟ್ ಆಗಿತ್ತು.

ಇನ್ನೂ ಕೆಲವು ನಿಯಮ ಅವರಿಂದಲೇ ಗೊತ್ತಾಗಿದ್ದು. ಟೆಕ್ನಿಷಿಯನ್ ಬರ್ತಾನೆ ಅಂದ್ರೆ ಇಡೀ ದಿನ ಮನೇಲಿ ಕೂರಿಸೋ ಹಾಗಿಲ್ಲ, ಜಾಸ್ತಿ ಅಂದ್ರೆ 4 ಗಂಟೆ ಅವಧಿ ಹೇಳ್ಬೇಕು. ಕಸ್ಟಮರ್ ಕೇರ್ ಫೋನು ಮಾಮೂಲಿ ದಿನಗಳಲ್ಲಿ 90% ಸಲ 30 ಸೆಕೆಂಡಲ್ಲಿ ಎತ್ತಬೇಕು. ಇದೆಲ್ಲಾ ಟೀವಿ, ಫೋನ್ ಕಂಪನಿಗಳನ್ನ ನಿಯಂತ್ರಿಸೋ ಫೆಡರಲ್ ಸಂಸ್ಥೆ ಎಫ್‌ಸಿಸಿ ಮಾಡಿರೋ ನಿಯಮ, ಕಂಪನಿ ಇದನ್ನ ಪಾಲಿಸೋ ಹಾಗೆ ನೋಡ್ಕೊಳ್ಳೋ ಅಧಿಕಾರ ಊರಿನ ಸಿಟಿಗೋ ಕೌಂಟಿಗೋ ಇದೆ.

ರೇಟ್ ಇಳಿಸಿ ಅಂತ ಮಾತ್ರ ಇವರನ್ನ ಕೇಳಿ ಪ್ರಯೋಜನ ಇಲ್ಲ. ನಾನೂ ಕೇಳ್ದೆ, ಬ್ರಾಡ್‌ಕಾಸ್ಟ್ ಟೀವಿ ಫೀ ಅಂತ ಒಂದು ಬರತ್ತಲ್ಲ, ವರ್ಷ ವರ್ಷ ಏರ್ತಾನೇ ಇದೆ, ನಾನು ಅದನ್ನ ಸರ್ಕಾರದ ಟ್ಯಾಕ್ಸ್ ಅಂದ್ಕೊಂಡಿದ್ದೆ. ಅಲ್ವಂತೆ. ಲೋಕಲ್ ಚಾನೆಲ್‌ಗಳಿಗೆ ತಾನು ಕೊಡೋ ದುಡ್ಡನ್ನ ಕಂಪನಿ ಬೇರೆ ಸಾಲಲ್ಲಿ ತೋರಿಸಿ ನಮ್ಮಿಂದ ಇಸ್ಕೊಳ್ಳೋದು ಅದು. ಮುಂಚೆ ಬೇಸಿಕ್ ಪ್ಯಾಕೇಜ್ ರೇಟ್ ಮೇಲೆ ಸಿಟಿಗಳಿಗೆ ಹಿಡಿತ ಇತ್ತು, 2015ರಲ್ಲಿ ಎಫ್‌ಸಿಸಿ ಎಲ್ಲಾ ಕಡೆ ಪೈಪೋಟಿ ಇದೆ ಅಂತ ಭಾವಿಸಿ ನಿಯಮ ಬದಲಾಯಿಸಿದ ಮೇಲೆ ಹೆಚ್ಚುಕಮ್ಮಿ ಎಲ್ಲಾ ಊರಲ್ಲೂ ಅದು ಹೋಯ್ತು. ನನ್ನ ಪ್ರಕಾರ ಇದು ತಪ್ಪು. ನಮ್ಮ ಬೀದಿಗೆ ಬರೋದು ಒಂದೇ ಕೇಬಲ್ ಕಂಪನಿ, ಡಿಶ್ ಹಾಕೋಣ ಅಂದ್ರೆ ಮರಗಳು ಅಡ್ಡ, ಇದ್ಯಾವ ಪೈಪೋಟಿ? 2024ರ ಮಾರ್ಚಲ್ಲಿ ಎಫ್‌ಸಿಸಿ ಇಂಥ ಫೀ ಎಲ್ಲಾ ಸೇರ್ಸಿ ಟೀವಿಯ ಒಟ್ಟು ಬೆಲೆಯನ್ನ ಒಂದೇ ಸಾಲಲ್ಲಿ ತೋರಿಸ್ಬೇಕು ಅಂತ ನಿಯಮ ಮಾಡ್ತು, ಅಷ್ಟಾದ್ರೂ ಆಯ್ತು.

ಇಂಟರ್ನೆಟ್ ಬಿಲ್ ದೂರನ್ನ ಈ ಆಫೀಸು ತಗೊಳ್ಳಲ್ಲ, ಟೀವಿದು ಮಾತ್ರ. ಕ್ಯಾಲಿಫೋರ್ನಿಯಾದಲ್ಲಿರೋರಿಗೆ 2006ರ ಕಾಯ್ದೆ ಪ್ರಕಾರ ಫ್ರಾಂಚೈಸ್ ಕೊಡೋದು ರಾಜ್ಯ, ಆದ್ರೂ ಕಸ್ಟಮರ್ ಸರ್ವಿಸ್ ದೂರು ನೋಡೋದು ಊರಿನವರೇ, ಅಲ್ಲೂ ಸಿಟಿಗೇ ಫೋನ್ ಮಾಡಿ. ಮುಂದಿನ ವರ್ಷ ಅಪ್ಪ ಅಮ್ಮ ಮತ್ತೆ ಬರ್ತಿದಾರೆ, ಬಾಕ್ಸ್ ಮತ್ತೆ ತಗೋಬೇಕು, ಈ ಸಲ ಆ ಮೇಡಂ ನಂಬರ್ ಫೋನಲ್ಲಿ ಸೇವ್ ಆಗಿದೆ.