ಲಂಡನ್ನಿನ ನ್ಯಾಷನಲ್ ಗ್ಯಾಲರಿ: ಜೆಂಟಿಲೆಸ್ಕಿ ಅಪ್ಪ-ಮಗಳ ಚಿತ್ರಗಳಿಗಾಗಿಯೇ ಹೋಗುವವರಿಗೆ

ಟ್ರಫಾಲ್ಗರ್ ಚೌಕದ ಈ ಗ್ಯಾಲರಿಯ ಕಾಯಂ ಸಂಗ್ರಹ ನೋಡಲು ಕಾಸು ಕೊಡಬೇಕಿಲ್ಲ. ಬೆಳಿಗ್ಗೆ 10ರಿಂದ ಸಂಜೆ 6, ಶುಕ್ರವಾರ ಮಾತ್ರ ರಾತ್ರಿ 9ರವರೆಗೆ. ಶುಕ್ರವಾರ ಸಂಜೆಯೇ ಹೋಗಿ, ಆ ಹೊತ್ತಿಗೆ ಶಾಲಾ ಗುಂಪುಗಳ ಗದ್ದಲ ಇರುವುದಿಲ್ಲ. ದೊಡ್ಡ ಬ್ಯಾಗು ಒಯ್ಯಬೇಡಿ.

ಜೆಂಟಿಲೆಸ್ಕಿ ಅಪ್ಪ ಒರಾಜಿಯೊ, ಮಗಳು ಆರ್ಟೆಮಿಸಿಯಾ ಇಬ್ಬರೂ 17ನೇ ಶತಮಾನದ ಇಟಲಿಯ ಚಿತ್ರಕಾರರು. ಮೊದಲು ಮಗಳ ಚಿತ್ರ ನೋಡಿ. ಸಂತ ಕ್ಯಾಥರೀನಳ ವೇಷದಲ್ಲಿ ಆರ್ಟೆಮಿಸಿಯಾ ತನ್ನನ್ನೇ ಬರೆದುಕೊಂಡದ್ದು ಸುಮಾರು 1615–17ರಲ್ಲಿ, ಫ್ಲಾರೆನ್ಸಿನಲ್ಲಿದ್ದಾಗ. ಗ್ಯಾಲರಿ ಇದನ್ನು ಕೊಂಡದ್ದು 2018ರಲ್ಲಿ, 36 ಲಕ್ಷ ಪೌಂಡಿಗೆ. ಎತ್ತರ, ಅಗಲ ಎರಡೂ 70 ಸೆಂ.ಮೀ. ಆಸುಪಾಸು, ಆದ್ದರಿಂದ ಹತ್ತಿರ ನಿಲ್ಲಬೇಕು. ಎಲ್ಲರೂ ಆ ಕಣ್ಣು ನೋಡಿ ಮುಂದೆ ಹೋಗಿಬಿಡುತ್ತಾರೆ. ನೀವು ಎಡಗೈ ನೋಡಿ. ಚೂಪು ಮೊಳೆಗಳ ಮುರಿದ ಚಕ್ರದ ಮೇಲೆ ಕೈ ಊರಿದ್ದಾಳೆ; ಕಥೆಯ ಪ್ರಕಾರ ಸಂತ ಕ್ಯಾಥರೀನಳನ್ನು ಹಿಂಸಿಸಲು ತಂದ ಚಕ್ರ ಅದು. ತೋಳಿನ ಭಾರ ಪೂರ್ತಿ ಅಲ್ಲಿ ಇಳಿದಿದೆ. ಅಂಗೈ ಬರೆಯುವುದು ಕಲಿತವರಿಗೂ ಈ ಭಾರ ತರುವುದು ಸುಲಭವಲ್ಲ.

ಆಮೇಲೆ ಅಪ್ಪ ಒರಾಜಿಯೊ ಬರೆದ, ಬೈಬಲ್ ಕಥೆಯಲ್ಲಿ ಈಜಿಪ್ಟಿನ ದೊರೆ ಫರೋಹನ ಮಗಳಿಗೆ ನದಿಯಲ್ಲಿ ಮಗು ಮೋಸೆಸ್ ಸಿಕ್ಕ ದೃಶ್ಯ. 1630ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಾಣಿ ಹೆನ್ರಿಯೆಟಾ ಮರಿಯಾಗಾಗಿ ಬರೆದದ್ದು. ಅಗಲ ಸುಮಾರು 3 ಮೀಟರು. ಐದಾರು ಹೆಜ್ಜೆ ಹಿಂದೆ ಸರಿದರೆ ಒಂಬತ್ತು ಹೆಂಗಸರೂ ಒಟ್ಟಿಗೆ ಕಣ್ಣಿಗೆ ಬೀಳುತ್ತಾರೆ. ವಾರ್ನಿಷ್ ಹೊಳೆದು ಕಣ್ಣಿಗೆ ಹೊಡೆದರೆ ಒಂದು ಬದಿಗೆ ಸರಿಯಿರಿ. ಫರೋಹನ ಮಗಳ ಹಳದಿ ರೇಷ್ಮೆಯೇ ಇಲ್ಲಿ ಪಾಠ: ನೆರಿಗೆಯ ಏಣಿನಲ್ಲಿ ಬೆಳಕು, ಪಕ್ಕದಲ್ಲೇ ಮಧ್ಯದ ಛಾಯೆ, ಆಳದಲ್ಲಿ ಕಂದು. ಆ ಮಧ್ಯದ ಛಾಯೆಯನ್ನು ಬಿಟ್ಟು ನಕಲು ಮಾಡಿದರೆ ರೇಷ್ಮೆ ತಗಡಾಗುತ್ತದೆ. ಹಳದಿಗೆ ಕಪ್ಪು ಬೆರೆಸಿ ನೆರಳು ಹಾಕಿದರೆ ಬಣ್ಣ ಹಸಿರಿಗೆ ತಿರುಗುತ್ತದೆ. ಬಟ್ಟೆ ಬರೆಯುವುದರಲ್ಲಿ ಅಪ್ಪನೇ ಮೇಲು, ಮೈಯ ಭಾರ ತರುವುದರಲ್ಲಿ ಮಗಳು. ಎರಡನ್ನೂ ಒಂದೇ ದಿನ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಪೆನ್ಸಿಲ್, ಚಿಕ್ಕ ಸ್ಕೆಚ್ ಪುಸ್ತಕ ಒಯ್ಯಿರಿ. ಫ್ಲ್ಯಾಷ್ ಇಲ್ಲದೆ ಫೋಟೊ ತೆಗೆಯಬಹುದು, ಆದರೆ ಫೋನಿನ ಫೋಟೊ ನೆರಳನ್ನು ಕಪ್ಪಾಗಿಸಿಬಿಡುತ್ತದೆ. ಛಾಯೆಗಳನ್ನು ಅಲ್ಲೇ ನಿಂತು, ತಿಳಿಯಿಂದ ಗಾಢದವರೆಗೆ ಐದು ಹಂತಗಳಲ್ಲಿ ಗುರುತು ಹಾಕಿಕೊಳ್ಳಿ. ಒಂದೊಂದು ಚಿತ್ರಕ್ಕೆ ಕನಿಷ್ಠ 20 ನಿಮಿಷ ಕೊಡಿ.

ತೊಂದರೆ ಒಂದೇ: ಚಿತ್ರಗಳು ಆಗಾಗ ಕೊಠಡಿ ಬದಲಿಸುತ್ತವೆ, ಕೆಲವೊಮ್ಮೆ ಬೇರೆ ಊರಿನ ಪ್ರದರ್ಶನಕ್ಕೂ ಹೋಗುತ್ತವೆ. ಹೊರಡುವ ಮುನ್ನ ಗ್ಯಾಲರಿಯ ಜಾಲತಾಣದಲ್ಲಿ ಎರಡೂ ಚಿತ್ರಗಳ ಪುಟ ತೆರೆದು ಕೊಠಡಿ ಸಂಖ್ಯೆ ಬರೆದುಕೊಳ್ಳಿ.